ಈ ನಾಡಿನ ಶಿಲೆಗಳನ್ನು ಓದಿದ ರಾಬರ್ಟ್ ಬ್ರೂಸ್ ಫೂಟ್

ಬಾಗಲಕೋಟೆಯಿಂದ ಹೊರಟು, ಬಾದಾಮಿಯನ್ನು ಕಂಡು, ಅಲ್ಲಿಂದ ಹುನಗುಂದ ಹಾಗೂ ಇಳಕಲ್ಲಿನವರೆಗೆ ಪ್ರಯಾಣ ಮಾಡುವವರ ಕಣ್ಣಿಗೆ ಒಂದೇ ದಿನದಲ್ಲಿ ನಾಲ್ಕು ಬಗೆಯ ನೆಲ ಗೋಚರಿಸುತ್ತದೆ. ಬಾಗಲಕೋಟೆಯ ಸುತ್ತಮುತ್ತ ಸುಣ್ಣದ ಕಲ್ಲಿನ ಬಯಲುಗಳೂ ಅವುಗಳ ನಡುವೆ ಓರೆಯಾಗಿ ಎದ್ದು ನಿಂತ ಗಡುಸಾದ ಕಲ್ಲಿನ ಸಾಲುಗುಡ್ಡಗಳೂ ಇವೆ. ಬಾದಾಮಿಯಲ್ಲಿ ಕೆಂಪು ಮರಳುಗಲ್ಲಿನ ಪದರುಗಳು ಹೊತ್ತಗೆಯ ಹಾಳೆಗಳಂತೆ ಒಂದರ ಮೇಲೊಂದು ಸಮತಟ್ಟಾಗಿ ಮಲಗಿವೆ. ಹುನಗುಂದದ ಎರೆ ಹೊಲಗಳ ನಡುವೆ ಕಪ್ಪು ಹಸಿರು ಛಾಯೆಯ ಪುರಾತನ ಶಿಲೆಗಳ ದಿಣ್ಣೆಗಳಿವೆ. ಇಳಕಲ್ಲಿನಲ್ಲಿಯಾದರೋ ನಸುಗೆಂಪು ಗ್ರಾನೈಟ್ ಬಂಡೆಗಳು ನೆಲವನ್ನು ಸೀಳಿಕೊಂಡು ಬಂದಂತೆ ತಲೆಯೆತ್ತಿವೆ.

ಈ ಕಲ್ಲುಗಳನ್ನು ಇಲ್ಲಿಯ ಜನ ಉಪಯೋಗದಿಂದ ಬಲ್ಲರು. ಸುಣ್ಣದ ಭಟ್ಟಿಗೆ ಯಾವುದು, ಮನೆಯ ಹಾಸುಗಲ್ಲಿಗೆ ಯಾವುದು, ಬೀಸುವ ಕಲ್ಲಿಗೆ ಯಾವುದು ಎಂಬುದನ್ನು ಒಡ್ಡರೂ ಕಲ್ಲುಕುಟಿಗರೂ ತಲೆಮಾರುಗಳಿಂದ ಅರಿತಿದ್ದಾರೆ. ಬಾದಾಮಿಯ ಮೂರನೆಯ ಗುಹಾಲಯವನ್ನು ಕ್ರಿಸ್ತಶಕ 578ರಲ್ಲಿ ಮಂಗಳೇಶನಿಗಾಗಿ ಕಡೆದ ಶಿಲ್ಪಿಗಳು ಆ ಮರಳುಗಲ್ಲಿನ ಗುಣವನ್ನು ಬಲ್ಲವರೇ ಆಗಿದ್ದರು. ಆದರೆ ಈ ನಾಲ್ಕು ಬಗೆಯ ನೆಲಗಳಲ್ಲಿ ಯಾವುದು ಹಿರಿದು, ಯಾವುದು ಕಿರಿದು, ಯಾವುದು ಯಾವುದರ ಮೇಲೆ ಕುಳಿತಿದೆ ಎಂಬ ಲೆಕ್ಕವನ್ನು ಇಡೀ ಸೀಮೆಗೆ ಅನ್ವಯಿಸುವಂತೆ ಮೊದಲು ಕ್ರಮವಾಗಿ ಬರೆದಿಟ್ಟವರು ರಾಬರ್ಟ್ ಬ್ರೂಸ್ ಫೂಟ್ ಅವರು. ಭಾರತದ ಪ್ರಾಗಿತಿಹಾಸದ ಪಿತಾಮಹರೆಂದು ಅವರ ಹೆಸರು ದೇಶದಲ್ಲೆಲ್ಲ ಪ್ರಸಿದ್ಧವಾಗಿದೆ. ಈ ಸೀಮೆಯ ಶಿಲಾಚರಿತ್ರೆಗೆ ಅವರು ಸಲ್ಲಿಸಿದ ಸೇವೆ ಅಷ್ಟು ಪ್ರಚಾರಕ್ಕೆ ಬಂದಿಲ್ಲ.

ಫೂಟ್ ಅವರು 1834ರ ಸಪ್ಟೆಂಬರ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ ಜನಿಸಿದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು 1851ರಲ್ಲಿ ಥಾಮಸ್ ಓಲ್ಡ್‌ಹ್ಯಾಮ್ ಅವರ ನೇತೃತ್ವದಲ್ಲಿ ಕಾರ್ಯಾರಂಭ ಮಾಡಿತ್ತು. 1858ರ ಡಿಸೆಂಬರಿನಲ್ಲಿ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಫೂಟ್ ಅವರು ಆ ಇಲಾಖೆಯನ್ನು ಸೇರಿದರು. ಅವರಿಗೆ ಮದರಾಸು ಪ್ರಾಂತದ ಕೆಲಸ ದೊರೆಯಿತು. ಅಂದು ಕಾಲಿಟ್ಟ ದಕ್ಷಿಣ ಭಾರತವನ್ನು ಅವರು ಮುಂದೆ ತಮ್ಮ ಊರಾಗಿಯೇ ಭಾವಿಸಿಕೊಂಡರು. ತಮಿಳು ಹಾಗೂ ತೆಲುಗು ವಿದ್ವಾಂಸರೆಂದು ಹೆಸರಾಗಿದ್ದ ಪಾದ್ರಿ ಪೀಟರ್ ಪರ್ಸಿವಲ್ ಅವರ ಅಳಿಯರಾದರು.

1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರಂನಲ್ಲಿ ಜಂಬಿಟ್ಟಿಗೆ ಕಲ್ಲಿನ ಗರಸು ತೆಗೆದ ಗುಂಡಿಯೊಂದನ್ನು ಪರೀಕ್ಷಿಸುತ್ತಿದ್ದಾಗ ಅವರಿಗೆ ಮನುಷ್ಯನ ಕೈಯಿಂದ ಚೆಕ್ಕೆಯೆಬ್ಬಿಸಿ ಹದಗೊಳಿಸಿದ ಕಲ್ಲಿನ ಕೈಕೊಡಲಿಯೊಂದು ಸಿಕ್ಕಿತು. ಅದೇ ವರ್ಷದ ಸಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂನಲ್ಲಿ ಅಂಥವೇ ಇನ್ನೂ ಅನೇಕ ಆಯುಧಗಳನ್ನು ಕಂಡರು. ಭಾರತದಲ್ಲಿಯೂ ಶಿಲಾಯುಗದ ಮಾನವನು ಬಾಳಿದ್ದನೆಂಬುದಕ್ಕೆ ಇದು ದೃಢವಾದ ಸಾಕ್ಷ್ಯವಾಯಿತು. ಯುರೋಪಿನ ವಿದ್ವಾಂಸರು ಫ್ರಾನ್ಸಿನ ಸೊಮ್ಮ್ ಕಣಿವೆಯ ಆಯುಧಗಳನ್ನು ಒಪ್ಪಿಕೊಂಡು ಆಗಿನ್ನೂ ನಾಲ್ಕು ವರ್ಷಗಳಾಗಿದ್ದವು ಎಂಬುದನ್ನು ನೆನೆದರೆ ಈ ತರುಣನ ದೃಷ್ಟಿಯ ಸೂಕ್ಷ್ಮತೆ ಅರ್ಥವಾಗುತ್ತದೆ. ಗರಸಿನ ರಾಶಿಯಲ್ಲಿ ಬಿದ್ದ ಸಾವಿರಾರು ಹರಳುಗಳ ನಡುವೆ ಒಂದನ್ನು ಬೇರೆಯೆಂದು ಗುರುತಿಸಿದ ಆ ಕಣ್ಣೇ ಮುಂದೆ ಕೃಷ್ಣಾ, ಘಟಪ್ರಭಾ ಹಾಗೂ ಮಲಪ್ರಭಾ ನದಿಗಳ ತೀರಕ್ಕೆ ಬಂದಿತು.

ಆ ಕಾಲಕ್ಕೆ ಮುಂಬಯಿ ಪ್ರಾಂತದ ಕನ್ನಡ ಸೀಮೆಯನ್ನು ಸರಕಾರಿ ಕಾಗದಪತ್ರಗಳಲ್ಲಿ ದಕ್ಷಿಣ ಮರಾಠಾ ದೇಶವೆಂದು ಕರೆಯುತ್ತಿದ್ದರು. ಬೆಳಗಾವಿ, ಧಾರವಾಡ ಹಾಗೂ ಕಲಾದಗಿ ಜಿಲ್ಲೆಗಳೂ ಅವುಗಳ ನಡುನಡುವೆ ಹರಡಿದ್ದ ಸಂಸ್ಥಾನಗಳೂ ಈ ಹೆಸರಿನಲ್ಲಿ ಸೇರಿದ್ದವು. ಇಂದು ಬಾಗಲಕೋಟೆ ತಾಲೂಕಿನ ಒಂದು ಊರಾಗಿರುವ ಕಲಾದಗಿಯು ಆಗ ಜಿಲ್ಲೆಯ ಮುಖ್ಯಸ್ಥಳವಾಗಿತ್ತು. ಆ ಸ್ಥಾನ ವಿಜಾಪುರಕ್ಕೆ ಹೋದದ್ದು 1885ರಲ್ಲಿ. ಈ ವಿಶಾಲ ಪ್ರದೇಶದ ಭೂವೈಜ್ಞಾನಿಕ ಸಮೀಕ್ಷೆಯ ಭಾರ ಫೂಟ್ ಅವರ ಹೆಗಲಿಗೆ ಬಿದ್ದಿತು.

ಅಂದು ಬಾಗಲಕೋಟೆಗೆ ರೈಲುದಾರಿ ಇರಲಿಲ್ಲ. ಮಳೆಗಾಲ ಕಳೆದು ಹೊಲದ ಹಾದಿಗಳು ಒಣಗಿದ ಮೇಲೆ ಡೇರೆ, ಬಂಡಿ, ಕುದುರೆಗಳೊಂದಿಗೆ ಹೊರಟು, ಬೇಸಿಗೆಯ ಝಳ ಏರುವವರೆಗೆ ಹಳ್ಳಿಯಿಂದ ಹಳ್ಳಿಗೆ ಸಾಗುವುದು ಇಲಾಖೆಯ ಅಧಿಕಾರಿಗಳ ಪದ್ಧತಿಯಾಗಿತ್ತು. ಕೈಯಲ್ಲಿ ಸುತ್ತಿಗೆ, ಜೇಬಿನಲ್ಲಿ ದಿಕ್ಸೂಚಿ, ಮಡಿಲಲ್ಲಿ ಭೂಪಟ: ಇವಿಷ್ಟೇ ಅವರ ಸಾಧನಗಳು. ಶಿಲೆಯ ವಯಸ್ಸನ್ನು ಅಳೆಯುವ ಯಂತ್ರಗಳು ಆಗ ಎಲ್ಲಿಯೂ ಇರಲಿಲ್ಲ. ಇಲ್ಲಿಯ ಶಿಲಾಪದರುಗಳಲ್ಲಿ ಕಾಲನಿರ್ಣಯಕ್ಕೆ ನೆರವಾಗಬಲ್ಲ ಶಂಖ, ಮೀನುಗಳಂಥ ಪ್ರಾಣಿಗಳ ಅವಶೇಷಗಳೂ ಇರಲಿಲ್ಲ. ಯಾವುದು ಕೆಳಗೆ, ಯಾವುದು ಮೇಲೆ ಎಂಬ ಒಂದೇ ನ್ಯಾಯದಿಂದ ಅವರು ಈ ನಾಡಿನ ಅತಿ ಪ್ರಾಚೀನ ಚರಿತ್ರೆಯನ್ನು ಬಿಡಿಸಬೇಕಾಗಿತ್ತು.

ಆ ನ್ಯಾಯದ ಬಲವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಮರಳುಗಲ್ಲಿನ ಸೀಮೆಯ ಅಂಚಿನಲ್ಲಿ ನಡೆದರೆ, ಆ ಪದರುಗಳ ಬುಡದಲ್ಲಿ ಗ್ರಾನೈಟ್ ಅಥವಾ ನೈಸ್ ಶಿಲೆಯ ನೆಲ ಕಾಣಿಸುತ್ತದೆ. ಅಲ್ಲಿ ಎರಡು ಸಾಧ್ಯತೆಗಳಿವೆ. ಮರಳುಗಲ್ಲು ಮೊದಲು ಹುಟ್ಟಿ, ಆಮೇಲೆ ಕರಗಿದ ಗ್ರಾನೈಟ್ ಕೆಳಗಿನಿಂದ ನುಗ್ಗಿ ಬಂದಿದ್ದರೆ, ಕಾವಿಗೆ ಮರಳುಗಲ್ಲಿನ ತಳ ಸುಟ್ಟು ರೂಪ ಬದಲಿಸಿರಬೇಕು, ಗ್ರಾನೈಟಿನ ಕವಲುಗಳು ಅದರೊಳಗೆ ಹೊಕ್ಕಿರಬೇಕು. ಹಾಗಲ್ಲದೆ ಗ್ರಾನೈಟೇ ಹಿರಿದಾಗಿದ್ದರೆ, ಮರಳುಗಲ್ಲಿನ ತಳಪದರಿನಲ್ಲಿ ಹಿರಿಯ ಶಿಲೆಗಳಿಂದ ಒಡೆದು ಬಂದ ಹರಳುಗಳೂ ಉಂಡೆಗಲ್ಲುಗಳೂ ಇರಬೇಕು. ಇಲ್ಲಿ ಕಾಣುವುದು ಎರಡನೆಯದೇ. ಆದುದರಿಂದ ಗ್ರಾನೈಟ್ ನೆಲವು ಮೊದಲೇ ಹುಟ್ಟಿ, ಗಟ್ಟಿಯಾಗಿ, ಗಾಳಿ ಬಿಸಿಲುಗಳಿಗೆ ಮೈಯೊಡ್ಡಿ ಸವೆದು ಬಯಲಾದ ಮೇಲೆಯೇ ಅದರ ಮೇಲೆ ಮರಳು ಬಂದು ಕುಳಿತಿತು ಎಂಬ ತೀರ್ಮಾನ ತಾನಾಗಿಯೇ ಹೊರಡುತ್ತದೆ.

ಹೀಗೆ ಹಳೆಯ ನೆಲದ ಮೇಲೆ ಕುಳಿತ ಮರಳುಗಲ್ಲು, ಕ್ವಾರ್ಟ್ಜೈಟ್, ಜೇಡಿ ಪದರುಗಲ್ಲು ಹಾಗೂ ಸುಣ್ಣಕಲ್ಲುಗಳ ಇಡೀ ಸಮೂಹಕ್ಕೆ ಫೂಟ್ ಅವರು ಕಲಾದಗಿ ಶ್ರೇಣಿಯೆಂದು ಹೆಸರಿಟ್ಟರು. ತೆಲುಗು ಸೀಮೆಯ ಕಡಪ ಶಿಲೆಗಳೊಡನೆ ಅದನ್ನು ಹೋಲಿಸಿದರು. ಘಟಪ್ರಭೆಯ ದಂಡೆಯ ಊರೊಂದರ ಹೆಸರು ಅಂದಿನಿಂದ ಜಗತ್ತಿನ ಭೂವಿಜ್ಞಾನ ಗ್ರಂಥಗಳಲ್ಲಿ ಸ್ಥಿರವಾಗಿ ನಿಂತಿತು.

ಆದರೆ ಈ ತೀರ್ಮಾನವು ತನ್ನ ಬೆನ್ನಿಗೆ ಎರಡು ಕಠಿಣ ಪ್ರಶ್ನೆಗಳನ್ನು ತಂದಿತು. ಗ್ರಾನೈಟ್ ನೆಲದ ಮೇಲೆ ಹುಟ್ಟುವ ಕಲ್ಲಲ್ಲ. ಹಲವಾರು ಕಿಲೋಮೀಟರು ಆಳದಲ್ಲಿ, ಮೇಲಿನ ಶಿಲೆಗಳ ಭಾರದ ಕೆಳಗೆ, ಬಹು ನಿಧಾನವಾಗಿ ಆರಿದರೆ ಮಾತ್ರ ಅದರ ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬೆಳೆಯುತ್ತವೆ. ಅಂಥ ಆಳದ ಶಿಲೆ ನೆಲದ ಮೇಲಕ್ಕೆ ಬಂದುದು ಹೇಗೆ? ಹೀಗೆ ಮೇಲೆ ಬಂದು ಬಯಲಾದ ನೆಲವು ಮತ್ತೆ ಸಾವಿರಾರು ಮೀಟರು ದಪ್ಪದ ಮರಳು, ಸುಣ್ಣಗಳನ್ನು ತುಂಬಿಕೊಳ್ಳುವಷ್ಟು ತಗ್ಗಿದುದು ಏಕೆ?

ಮೊದಲ ಪ್ರಶ್ನೆಯ ಒಂದು ಭಾಗಕ್ಕೆ ಆ ಕಾಲದ ವಿಜ್ಞಾನದಲ್ಲಿಯೂ ಉತ್ತರವಿತ್ತು. ಭೂಮಿಯ ಮೇಲ್ಪದರವಾದ ಭೂಚಿಪ್ಪು ತನಗಿಂತ ಭಾರವಾದ ಒಳಪದರಿನ ಮೇಲೆ ತೇಲಿದಂತೆ ನಿಂತಿದೆ. ಕೂಡಲಸಂಗಮದ ಹೊಳೆಯಲ್ಲಿ ಹರಿಗೋಲಿನಿಂದ ಮೂಟೆಗಳನ್ನು ಇಳಿಸಿದಂತೆಲ್ಲ ಹರಿಗೋಲು ನೀರಿನಿಂದ ಮೇಲೇಳುವಂತೆ, ಮಳೆ ಹೊಳೆಗಳು ಮೇಲಿನ ಕಲ್ಲನ್ನು ಸವೆಸಿ ಒಯ್ದಂತೆಲ್ಲ ಕೆಳಗಿನ ನೆಲ ಮೇಲೇಳುತ್ತದೆ. ಕೋಟ್ಯಂತರ ವರ್ಷ ಹೀಗೆ ನಡೆದರೆ ಆಳದ ಶಿಲೆ ಬಯಲಿಗೆ ಬರುತ್ತದೆ. ಎರಡನೆಯ ಪ್ರಶ್ನೆಗೆ, ಎಂದರೆ ನೆಲ ತಗ್ಗಿದುದಕ್ಕೆ, ಆಗ ಸಮರ್ಪಕ ಉತ್ತರವಿರಲಿಲ್ಲ. ಖಂಡಗಳು ಒಂದೆಡೆ ಸ್ಥಿರವಾಗಿ ನಿಂತಿವೆಯೆಂದೇ ಆ ತಲೆಮಾರಿನವರು ಭಾವಿಸಿದ್ದರು. ಕಾರಣ ಮುಂದೆ ತಿಳಿಯಬಹುದಾಗಿತ್ತು. ಯಾವ ಹಳ್ಳದ ದಂಡೆಯಲ್ಲಿ ಯಾವ ಶಿಲೆ ಯಾವ ಕಡೆಗೆ ಬಾಗಿದೆ ಎಂಬುದನ್ನಾದರೆ ಅಂದೇ ನೋಡಿ ಬರೆದಿಡಬೇಕಾಗಿತ್ತು. ಫೂಟ್ ಅವರು ಮಾಡಿದುದು ಆ ಕೆಲಸವನ್ನು.

ಹಲವು ವರ್ಷಗಳ ಈ ಶ್ರಮವು 1876ರಲ್ಲಿ ಇಲಾಖೆಯ ಗ್ರಂಥಮಾಲೆಯ ಹನ್ನೆರಡನೆಯ ಸಂಪುಟದಲ್ಲಿ, ದಕ್ಷಿಣ ಮರಾಠಾ ದೇಶದ ಭೂವೈಜ್ಞಾನಿಕ ಲಕ್ಷಣಗಳ ಗ್ರಂಥವಾಗಿ ಪ್ರಕಟವಾಯಿತು. ಅದಕ್ಕೂ ಮೊದಲು, 1874ರಲ್ಲಿ, ಗೋಕಾಕದ ಸಮೀಪ ದೊರೆತ ಪುರಾತನ ಖಡ್ಗಮೃಗದ ಎಲುಬುಗಳನ್ನು ಕುರಿತು ಅವರು ಪ್ರತ್ಯೇಕ ಪ್ರಬಂಧ ಬರೆದಿದ್ದರು. ಮಲಪ್ರಭಾ ಹಾಗೂ ಘಟಪ್ರಭಾ ಕಣಿವೆಗಳ ಗರಸಿನಲ್ಲಿ ಶಿಲಾಯುಗದ ಆಯುಧಗಳನ್ನೂ ಗುರುತಿಸಿದ್ದರು. ಆ ಆಯುಧಗಳಿಗೆ ಮುಖ್ಯವಾಗಿ ಬಳಕೆಯಾದ ಕಲ್ಲು ಕಲಾದಗಿ ಶ್ರೇಣಿಯ ಕ್ವಾರ್ಟ್ಜೈಟ್ ಎಂಬುದು ಗಮನಾರ್ಹ. ಭೂಮಿಯ ಚರಿತ್ರೆ ಹಾಗೂ ಮನುಷ್ಯನ ಚರಿತ್ರೆ ಇಲ್ಲಿ ಒಂದೇ ಕಲ್ಲಿನಲ್ಲಿ ಸೇರಿವೆ. ಫೂಟ್ ಅವರು ತೋರಿದ ಈ ಜಾಡಿನಲ್ಲಿ ನಡೆದು ಆರ್. ವಿ. ಜೋಶಿ ಅವರು ಮಲಪ್ರಭಾ ಕಣಿವೆಯ ಆದಿಮಾನವನ ನೆಲೆಗಳನ್ನು ಕುರಿತ ತಮ್ಮ ಗ್ರಂಥವನ್ನು 1955ರಲ್ಲಿ ಪ್ರಕಟಿಸಿದರು.

ಫೂಟ್ ಅವರ ಗ್ರಂಥ ಅಚ್ಚಾದ ವರ್ಷವೇ ಈ ಸೀಮೆಗೆ ಮಳೆ ಕೈಕೊಟ್ಟು ಧಾತು ಸಂವತ್ಸರದ ಭೀಕರ ಬರ ಬಂದೆರಗಿತು. ಕಲಾದಗಿ ಜಿಲ್ಲೆ ಬಹಳವಾಗಿ ನಲುಗಿತು. ಬಾವಿಗಳ ನೀರು ಆಳಕ್ಕಿಳಿದ ಇಂಥ ನಾಡಿನಲ್ಲಿ ಕೆಳಗಿನ ಶಿಲೆಯ ಸ್ವಭಾವವನ್ನು ಅರಿಯುವುದು ಬರಿಯ ಪಾಂಡಿತ್ಯದ ವಿಷಯವಲ್ಲ. ಗಟ್ಟಿ ಗ್ರಾನೈಟಿನಲ್ಲಿ ಬಿರುಕಿದ್ದಲ್ಲಿ ಮಾತ್ರ ನೀರು ನಿಲ್ಲುತ್ತದೆ. ಸುಣ್ಣಕಲ್ಲಿನಲ್ಲಿ ನೀರು ತಾನೇ ಕಲ್ಲನ್ನು ಕರಗಿಸಿ ದಾರಿ ಮಾಡಿಕೊಳ್ಳುತ್ತದೆ. ಬಾವಿ ತೋಡುವವನಿಗೂ ಕೆರೆ ಕಟ್ಟುವವನಿಗೂ ಭೂಪಟದ ಬಣ್ಣಗಳು ಪ್ರಯೋಜನಕ್ಕೆ ಬರುವುದು ಹೀಗೆ.

ಗ್ರಂಥ ಪ್ರಕಟವಾದ ಮೇಲೆ ಕೆಲಸ ಮುಗಿಯಿತೆಂದು ಫೂಟ್ ಅವರು ಭಾವಿಸಲಿಲ್ಲ. ಅವರ ವ್ಯಕ್ತಿತ್ವದ ಹಿರಿಮೆ ಪ್ರಕಟವಾಗುವುದು ಇಲ್ಲಿಯೇ. 1876ರ ಗ್ರಂಥದಲ್ಲಿ ಅವರು ಹುನಗುಂದ, ಧಾರವಾಡ ಮೊದಲಾದೆಡೆಗಳ ಕಪ್ಪು ಹಸಿರು ಶಿಸ್ಟ್ ಶಿಲೆಗಳನ್ನೂ ಕಬ್ಬಿಣದ ಪಟ್ಟೆಗಳಿರುವ ಶಿಲೆಗಳನ್ನೂ ನೈಸ್ ಶಿಲೆಗಳ ಸಮೂಹದಲ್ಲಿಯೇ ಸೇರಿಸಿದ್ದರು. ಮುಂದೆ ಬಳ್ಳಾರಿ ಮೊದಲಾದ ಸೀಮೆಗಳಲ್ಲಿ ಸಂಚರಿಸುತ್ತ ಹೋದಂತೆ, ಈ ಶಿಲೆಗಳು ಬೇರೆಯೇ ಒಂದು ಸಮೂಹವೆಂದೂ, ಉದ್ದುದ್ದವಾದ ಪಟ್ಟಿಗಳಾಗಿ ಹಳೆಯ ನೆಲದ ಮಡಿಕೆಗಳಲ್ಲಿ ಸಿಕ್ಕಿಕೊಂಡಿವೆಯೆಂದೂ ಅವರಿಗೆ ಮನವರಿಕೆಯಾಯಿತು. 1880ರ ದಶಕದಲ್ಲಿ ಅವರು ತಮ್ಮ ಹಿಂದಿನ ವರ್ಗೀಕರಣವನ್ನು ತಾವೇ ತಿದ್ದಿ, ಈ ಶಿಲೆಗಳನ್ನು ಬೇರ್ಪಡಿಸಿ, ಧಾರವಾಡ ಶಿಲಾಸಮೂಹವೆಂದು ಹೆಸರಿಸಿದರು. ದಕ್ಷಿಣ ಭಾರತದ ಚಿನ್ನವು ಮುಖ್ಯವಾಗಿ ಈ ಶಿಲೆಗಳನ್ನೇ ಆಶ್ರಯಿಸಿದೆಯೆಂದು 1888ರಲ್ಲಿ ವಿವರಿಸಿದರು. ಕೋಲಾರ ಹಾಗೂ ಹಟ್ಟಿಯ ಗಣಿಗಳು ಇಂಥ ಪಟ್ಟಿಗಳಲ್ಲಿಯೇ ಇರುವುದು ಆ ಮಾತಿಗೆ ಸಾಕ್ಷಿಯಾಗಿದೆ. ಅಚ್ಚಾದ ತನ್ನ ಮಾತನ್ನು ತಾನೇ ತಿದ್ದಿಕೊಳ್ಳುವುದು ವಿದ್ವಾಂಸರಿಗೆ ಸುಲಭದ ಕೆಲಸವಲ್ಲ. ಅದಕ್ಕೆ ಪಾಂಡಿತ್ಯಕ್ಕಿಂತ ಸತ್ಯನಿಷ್ಠೆ ಹೆಚ್ಚಾಗಿ ಬೇಕು.

ಮೂವತ್ತಮೂರು ವರ್ಷಗಳ ಸೇವೆಯ ತರುವಾಯ 1891ರಲ್ಲಿ ಅವರು ಇಲಾಖೆಯಿಂದ ನಿವೃತ್ತರಾದರು. ಆದರೆ ಸುತ್ತಿಗೆಯನ್ನು ಕೆಳಗಿಡಲಿಲ್ಲ. ಬರೋಡಾ ಸಂಸ್ಥಾನದ ಭೂವೈಜ್ಞಾನಿಕ ಸಮೀಕ್ಷೆಯನ್ನು ನಡೆಸಿಕೊಟ್ಟರು. 1894ರಲ್ಲಿ ಮೈಸೂರು ಸಂಸ್ಥಾನವು ತನ್ನದೇ ಆದ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥರಾಗಿ ಬಂದು, ಅರವತ್ತನ್ನು ಮುಟ್ಟಿದ ವಯಸ್ಸಿನಲ್ಲಿ ಸಂಸ್ಥಾನದ ಉದ್ದಗಲಗಳಲ್ಲಿ ಸಂಚರಿಸಿದರು. 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತ ಅವರ ಬೃಹದ್ಗ್ರಂಥ ಪ್ರಕಟವಾಯಿತು. ಹೀಗೆ ಮುಂಬಯಿ ಕರ್ನಾಟಕ, ಬಳ್ಳಾರಿ, ಮೈಸೂರು ಎಂದು ಅಂದು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನೆಲದ ಬಹುಭಾಗವನ್ನು ಒಬ್ಬನೇ ವ್ಯಕ್ತಿ ನಡೆದು ನೋಡಿದಂತಾಯಿತು.

ವೃದ್ಧಾಪ್ಯವನ್ನು ಅವರು ಸೇಲಂ ಸಮೀಪದ ಏರ್ಕಾಡು ಬೆಟ್ಟದಲ್ಲಿ ಕಳೆದರು. ನಾನೂರಕ್ಕೂ ಮಿಕ್ಕ ನೆಲೆಗಳಿಂದ ತಾವು ಸಂಗ್ರಹಿಸಿದ್ದ ಪ್ರಾಚೀನ ಆಯುಧ ಹಾಗೂ ಮಡಕೆಗಳ ಭಂಡಾರವು 1904ರಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. ಅವುಗಳ ಪಟ್ಟಿಯನ್ನು ಸಿದ್ಧಪಡಿಸುವುದೇ ಅವರ ಕೊನೆಯ ವರ್ಷಗಳ ಕಾರ್ಯವಾಯಿತು. ಆ ಪಟ್ಟಿ ಅಚ್ಚಾದದ್ದು ಅವರ ಮರಣಾನಂತರ. 1912ರ ಡಿಸೆಂಬರ 29ರಂದು ಕಲಕತ್ತೆಯಲ್ಲಿ ಅವರು ತೀರಿಕೊಂಡರು. ಅವರ ಅಸ್ಥಿಯನ್ನು ಏರ್ಕಾಡಿಗೆ ತಂದು ಸಮಾಧಿ ಮಾಡಲಾಯಿತು.

ಅದೇ 1912ರ ಜನವರಿಯಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಆಲ್ಫ್ರೆಡ್ ವೆಗೆನರ್ ಎಂಬ ತರುಣ ವಿಜ್ಞಾನಿಯು ಖಂಡಗಳು ಚಲಿಸುತ್ತವೆಂಬ ತನ್ನ ಸಿದ್ಧಾಂತವನ್ನು ಮೊದಲ ಸಲ ವಿದ್ವಾಂಸರ ಮುಂದಿಟ್ಟಿದ್ದನು. ಅದು ಸರ್ವಮಾನ್ಯವಾಗಲು 1960ರ ದಶಕದವರೆಗೆ ಕಾಯಬೇಕಾಯಿತು. ನೆಲ ತಗ್ಗಿದುದೇಕೆ ಎಂಬ ಪ್ರಶ್ನೆಗೆ ಉತ್ತರದ ದಾರಿ ತೆರೆದದ್ದು ಆಗ. ಖಂಡಗಳು ಚಲಿಸುವುದಾದರೆ, ಅವುಗಳ ಚಿಪ್ಪನ್ನು ಎರಡು ಕಡೆಗೆ ಎಳೆಯುವ ಶಕ್ತಿಯೂ ಇರಬೇಕು. ಹಾಗೆ ಎಳೆದಾಗ ಏನಾಗುತ್ತದೆಂಬುದನ್ನು 1978ರಲ್ಲಿ ಡ್ಯಾನ್ ಮೆಕೆಂಜಿ ಎಂಬ ಇಂಗ್ಲಿಷ್ ವಿಜ್ಞಾನಿ ಗಣಿತದ ಆಧಾರದಿಂದ ನಿರೂಪಿಸಿದರು.

ಅಡುಗೆಮನೆಯ ಒಂದು ದೃಷ್ಟಾಂತದಿಂದ ಇದು ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ನಾದಿ ಇಟ್ಟ ಕಣಕದ ಮೇಲ್ಮೈ ಗಾಳಿಗೆ ಸ್ವಲ್ಪ ಒಣಗಿದೆಯೆಂದು ಭಾವಿಸಬೇಕು. ಅದನ್ನು ಎರಡು ಕೈಗಳಿಂದ ಎಳೆದರೆ ಒಣಗಿದ ಮೇಲ್ಪದರು ಬಿರುಕು ಬಿಡುತ್ತದೆ, ಒಳಗಿನ ಮೆತ್ತನೆಯ ಭಾಗ ಹರಿಯದೆ ಹಿಗ್ಗಿ ತೆಳುವಾಗುತ್ತದೆ, ನಡುಭಾಗ ಜೋಲುತ್ತದೆ. ಭೂಖಂಡದ ಚಿಪ್ಪಿನದೂ ಇದೇ ಗತಿ. ಅದರ ಮೇಲ್ಭಾಗ ತಣ್ಣಗೂ ಗಡುಸಾಗಿಯೂ ಇರುವುದರಿಂದ ಓರೆಯಾದ ಸ್ತರಭಂಗಗಳಲ್ಲಿ ಒಡೆದು, ತುಂಡುಗಳು ವಾಲಿ ಜಾರುತ್ತವೆ. ಕೆಳಭಾಗ ಬಿಸಿಯಾಗಿರುವುದರಿಂದ ಒಡೆಯದೆ ನಿಧಾನವಾಗಿ ಹಿಗ್ಗುತ್ತದೆ. 35 ಕಿಲೋಮೀಟರು ದಪ್ಪದ ಚಿಪ್ಪು ಅಗಲದಲ್ಲಿ ಇಮ್ಮಡಿಯಾಗುವಷ್ಟು ಎಳೆಯಲ್ಪಟ್ಟರೆ ಅದರ ದಪ್ಪ ಸುಮಾರು 17 ಕಿಲೋಮೀಟರಿಗೆ ಇಳಿಯುತ್ತದೆ. ಹಗುರವಾದ ಚಿಪ್ಪು ತೆಳುವಾದಲ್ಲಿ ಕೆಳಗಿನ ಭಾರವಾದ ಮ್ಯಾಂಟಲ್ ಪದರು ಮೇಲೇರಿ ಆ ಎಡೆಯನ್ನು ತುಂಬುತ್ತದೆ. ಅದರಿಂದ ನೆಲದ ಮೇಲ್ಮೈ ತಗ್ಗುತ್ತದೆ. ಬಿಸಿಯಾಗಿ ಮೇಲೇರಿದ ಮ್ಯಾಂಟಲ್ ಕಾಲಾನುಕ್ರಮದಲ್ಲಿ ಆರಿ ಕುಗ್ಗಿದಾಗ ನೆಲ ಇನ್ನಷ್ಟು ಕುಸಿಯುತ್ತದೆ. ಹೊಳೆಗಳು ತಂದು ಸುರಿಯುವ ಮರಳು ಮಣ್ಣುಗಳ ಭಾರವೂ ಅದನ್ನು ಒತ್ತುತ್ತದೆ. ತಗ್ಗು ತುಂಬುತ್ತ ಹೋದಂತೆ ತಳ ಇಳಿಯುತ್ತ ಹೋಗುವುದರಿಂದ ಸಾವಿರಾರು ಮೀಟರು ದಪ್ಪದ ಪದರುಗಳಿಗೆ ಸ್ಥಳ ದೊರೆಯುತ್ತದೆ.

ಆಳದ ಶಿಲೆ ಮೇಲೆ ಬರುವುದಕ್ಕೂ ಈ ಎಳೆತ ಒಂದು ದಾರಿಯಾಗುತ್ತದೆ. ಹೋಳಿಗೆಯ ಕಣಕ ತೀರ ತೆಳುವಾದಲ್ಲಿ ಹೂರಣ ಹೊರಗೆ ಕಾಣಿಸುವಂತೆ, ಚಿಪ್ಪು ಅತಿಯಾಗಿ ಹಿಗ್ಗಿದಲ್ಲಿ ಆಳದ ಶಿಲೆ ಹೊರಬೀಳುತ್ತದೆ. ಇಳಿಜಾರು ಕಡಿಮೆಯಿರುವ ದೊಡ್ಡ ಸ್ತರಭಂಗಗಳ ಮೇಲೆ ಮೇಲಿನ ಶಿಲೆಗಳು ಹತ್ತಾರು ಕಿಲೋಮೀಟರು ಜಾರಿ ಸರಿದಾಗ, ಭಾರ ಕಳೆದುಕೊಂಡ ಕೆಳಗಿನ ಶಿಲೆಗಳು ಗುಮ್ಮಟದಂತೆ ಉಬ್ಬಿ ಮೇಲಕ್ಕೆ ಬರುತ್ತವೆ. ಅಮೆರಿಕದ ಪಶ್ಚಿಮ ಪ್ರಾಂತಗಳಲ್ಲಿ ಇಂಥ ಗುಮ್ಮಟಗಳನ್ನು ಗುರುತಿಸಲಾಗಿದೆ. ಸ್ಪೇನ್ ದೇಶದ ವಾಯವ್ಯದ ಕಡಲಿನಲ್ಲಿ 1985ರಲ್ಲಿ ತಳವನ್ನು ಕೊರೆದಾಗ, ಚಿಪ್ಪು ಪೂರ್ತಿ ಹರಿದುಹೋಗಿ ಮ್ಯಾಂಟಲಿನ ಶಿಲೆಯೇ ಕಡಲತಳದವರೆಗೆ ಬಂದಿರುವುದು ದೃಢಪಟ್ಟಿತು. ಎಳೆತದ ಜೊತೆಗೆ ಕೆಳಗಿನ ಶಿಲೆ ಕರಗಿದರೆ ಲಾವಾರಸ ಉಕ್ಕುತ್ತದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಕಂಬದಂಥ ಶಿಲೆಗಳು ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಹುಟ್ಟಿದವು.

ಈ ತಿಳಿವಿನ ಬೆಳಕಿನಲ್ಲಿ ಫೂಟ್ ಅವರ ಭೂಪಟವನ್ನು ಮತ್ತೆ ನೋಡಿದರೆ ಈ ಸೀಮೆಯ ಚರಿತ್ರೆ ಹೀಗೆ ತೆರೆದುಕೊಳ್ಳುತ್ತದೆ. ಇಲ್ಲಿಯ ನೈಸ್ ಶಿಲೆಗಳಲ್ಲಿ ಅನೇಕವು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯವು. ಹುನಗುಂದದ ಶಿಸ್ಟ್ ಪಟ್ಟಿಯೂ ಇಳಕಲ್ಲಿನ ಗ್ರಾನೈಟೂ ಅದೇ ಆದಿಯುಗಕ್ಕೆ ಸೇರಿದವು. ಇವು ಎಳೆತದಿಂದ ಮೇಲೆ ಬಂದವೆಂದು ಹೇಳಲು ಆಧಾರವಿಲ್ಲ. ಫೂಟ್ ಅವರ ಕಾಲದಲ್ಲಿಯೂ ತಿಳಿದಿದ್ದ ದಾರಿಯಲ್ಲಿ, ಎಂದರೆ ಸವಕಳಿಯಿಂದ ಹಗುರಾಗಿ ಮೇಲೆದ್ದು, ಕಲಾದಗಿಯ ಮೊದಲ ಪದರು ಬೀಳುವ ಮುನ್ನವೇ ಬಯಲಿಗೆ ಬಂದಿದ್ದವು. ಅನಂತರ ಈ ಹಳೆಯ ನೆಲ ಎಳೆತಕ್ಕೆ ಸಿಕ್ಕಿ, ಪೂರ್ವ ಪಶ್ಚಿಮವಾಗಿ ಚಾಚಿದ ಸ್ತರಭಂಗಗಳಲ್ಲಿ ಒಡೆದು ತಗ್ಗಿತೆಂದು ಭೂವಿಜ್ಞಾನಿಗಳಲ್ಲಿ ಬಹುಮಂದಿ ಭಾವಿಸುತ್ತಾರೆ. ಆದರೆ ಎಳೆತ ಇಲ್ಲಿ ಕೊನೆಮುಟ್ಟಲಿಲ್ಲ. ಖಂಡ ಹರಿದು ಹೊಸ ಸಾಗರ ಹುಟ್ಟಲಿಲ್ಲ. ಉಳಿದದ್ದು ಖಂಡದ ಒಡಲಿನಲ್ಲಿ ಸುಮಾರು 8,000 ಚದರ ಕಿಲೋಮೀಟರು ವಿಸ್ತಾರದ ಒಂದು ತಗ್ಗು. ಅದರೊಳಗೆ ಆಳವಿಲ್ಲದ ಕಡಲು ನುಗ್ಗಿ, ಮರಳು, ಜೇಡಿ, ಸುಣ್ಣಗಳನ್ನು ಪದರು ಪದರಾಗಿ ತುಂಬಿತು. ಬಾಗಲಕೋಟೆ, ಲೋಕಾಪುರಗಳ ಸುಣ್ಣಕಲ್ಲು ಆ ಕಡಲಿನ ಕಾಣಿಕೆ. ಈ ಪದರುಗಳನ್ನು ಸೀಳಿಕೊಂಡು ಬಂದ ಅಗ್ನಿಶಿಲೆಯೊಂದರ ವಯಸ್ಸು ಸುಮಾರು 115 ಕೋಟಿ ವರ್ಷವೆಂದು ಅಳೆಯಲಾಗಿದೆ. ಪದರುಗಳು ಅದಕ್ಕಿಂತ ಹಿರಿಯವೇ ಆಗಿರಬೇಕು.

ಇಲ್ಲಿಯೇ ಫೂಟ್ ಅವರ ಗಣನೆಯಲ್ಲಿ ಒಂದು ಕೊರತೆ ಉಳಿದಿತ್ತು. ಅವರು ಬಾಗಲಕೋಟೆಯ ಬಾಗಿದ ಪದರುಗಳನ್ನೂ ಬಾದಾಮಿಯ ಸಮತಟ್ಟಾದ ಪದರುಗಳನ್ನೂ ಒಂದೇ ಕಲಾದಗಿ ಶ್ರೇಣಿಯಲ್ಲಿ ಸೇರಿಸಿದ್ದರು. ವಾಸ್ತವದಲ್ಲಿ ಮೊದಲ ಪದರುಗಳು ಗಟ್ಟಿಯಾಗಿ, ಮಡಿಚಿಕೊಂಡು, ಮೇಲೆದ್ದು, ಸವೆದ ಮೇಲೆ ಅವುಗಳ ಓರೆಯಾದ ಬೆನ್ನಿನ ಮೇಲೆ ಬಾದಾಮಿಯ ಮರಳು ಹೊಸದಾಗಿ ಬಂದು ಬಿದ್ದಿತ್ತು. ಎರಡರ ನಡುವೆ ದೀರ್ಘವಾದ ಕಾಲದ ತೆರಪೊಂದಿತ್ತು. 1968ರಲ್ಲಿ ಎಂ. ಎನ್. ವಿಶ್ವನಾಥಯ್ಯ ಅವರು ಬಾದಾಮಿ ಶಿಲೆಗಳನ್ನು ಕಲಾದಗಿಯ ಅನಂತರದ ಪ್ರತ್ಯೇಕ ಶ್ರೇಣಿಯೆಂದು ಪ್ರತಿಪಾದಿಸಿದರು. 1987ರಲ್ಲಿ ಎ. ವಿ. ಜಯಪ್ರಕಾಶ್ ಹಾಗೂ ಅವರ ಸಹೋದ್ಯೋಗಿಗಳು ಇಡೀ ಪ್ರದೇಶದ ಶಿಲೆಗಳನ್ನು ಬಾಗಲಕೋಟೆ ಸಮೂಹ, ಬಾದಾಮಿ ಸಮೂಹ ಎಂದು ಎರಡಾಗಿ ವಿಂಗಡಿಸಿ ವಿವರಿಸಿದರು. ಆ ವಿಂಗಡಣೆಯಲ್ಲಿ ಚಾಲುಕ್ಯರ ಶಿಲ್ಪಿಗಳು ಕಡೆದ ಬಾದಾಮಿಯ ಬಂಡೆಗೆ ಗುಹಾಲಯದ ಮರಳುಗಲ್ಲು ಎಂಬ ಹೆಸರೇ ದೊರೆಯಿತು.

ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಫೂಟ್ ಅವರ ವಿಂಗಡಣೆ ತಿದ್ದಲ್ಪಟ್ಟಿತು. ಆದರೆ ಅವರು ನೋಡಿ ಬರೆದ ಸಂಗತಿಗಳು ತಿದ್ದುಪಡಿಗೆ ಆಧಾರವಾಗಿ ನಿಂತವು. ಕಂಡದ್ದನ್ನು ಕಂಡ ಸ್ಥಳದ ಹೆಸರಿನೊಂದಿಗೆ ಅವರು ದಾಖಲಿಸಿದ್ದರಿಂದ, ಮುಂದಿನವರು ಅದೇ ಹಳ್ಳಿಗೆ ಹೋಗಿ ಅದೇ ಬಂಡೆಯ ಮುಂದೆ ನಿಂತು ಒಪ್ಪಬಹುದಾಗಿತ್ತು, ಒಪ್ಪದೆಯೂ ಇರಬಹುದಾಗಿತ್ತು. ಊಹೆಯನ್ನು ಮಾತ್ರ ಬರೆದಿಟ್ಟಿದ್ದರೆ ಅದು ಆ ತಲೆಮಾರಿನೊಂದಿಗೆ ಹಳತಾಗುತ್ತಿತ್ತು. ಖಂಡಗಳು ಚಲಿಸುತ್ತವೆಂಬುದನ್ನು ಅರಿಯದ ಕಾಲದಲ್ಲಿ ಬರೆದ ಗ್ರಂಥವನ್ನು ಖಂಡಗಳ ಚಲನೆಯನ್ನು ಅಧ್ಯಯನ ಮಾಡುವವರು ಇಂದಿಗೂ ತೆರೆದು ನೋಡುತ್ತಾರೆಂದರೆ ಅದಕ್ಕೆ ಕಾರಣ ಇದೇ. ತನ್ನ ತಪ್ಪನ್ನು ಇತರರು ಕಂಡುಹಿಡಿಯುವುದಕ್ಕೆ ಬೇಕಾದ ಸಾಮಗ್ರಿಯನ್ನು ತಾನೇ ಒದಗಿಸಿಕೊಡುವ ಪ್ರಾಮಾಣಿಕತೆ ವಿದ್ಯೆಯ ಕ್ಷೇತ್ರದಲ್ಲಿ ಬಹು ದೊಡ್ಡ ಗುಣ. ಶಿಕ್ಷಕರಾದವರು ಮಕ್ಕಳಿಗೆ ಕಲಿಸಬೇಕಾದದ್ದೂ ಇದನ್ನೇ.

ಇಂದು ಇಳಕಲ್ಲಿನ ಗಣಿಗಳಿಂದ ನಸುಗೆಂಪು ಗ್ರಾನೈಟ್ ಚಪ್ಪಡಿಗಳು ದೂರದ ಊರುಗಳಿಗೆ ಹೋಗುತ್ತವೆ. ಬಾಗಲಕೋಟೆಯ ಸುಣ್ಣಕಲ್ಲು ಸಿಮೆಂಟಾಗುತ್ತದೆ. ಬಾದಾಮಿಗೆ ಪ್ರವಾಸ ಹೋಗುವ ಮಕ್ಕಳು ಗುಹಾಲಯದ ಮೂರ್ತಿಗಳನ್ನು ನೋಡಿ ಹಿಂದಿರುಗುತ್ತಾರೆ. ಆ ಮೂರ್ತಿಗಳ ಹಿಂದಿನ ಗೋಡೆಯಲ್ಲಿ ಮರಳು ನೀರಿನೊಡನೆ ಹರಿದ ಗುರುತುಗಳು ಇನ್ನೂ ಉಳಿದಿವೆ. ಯಾರಾದರೊಬ್ಬ ಗುರುಗಳು ಅಲ್ಲಿ ಎರಡು ನಿಮಿಷ ನಿಂತು ಆ ಗೆರೆಗಳನ್ನು ಮಕ್ಕಳಿಗೆ ತೋರಿಸಿ, ಹಿಂದಿರುಗುವಾಗ ಬಾಗಲಕೋಟೆಯ ದಾರಿಯಲ್ಲಿ ಓರೆಯಾಗಿ ನಿಂತ ಪದರುಗಳೇಕೆ ಹಾಗೆ ಬಾಗಿವೆಯೆಂದು ಕೇಳಿದರೆ, ಒಂದೂವರೆ ಶತಮಾನದ ಹಿಂದೆ ಬಂಡಿಯ ಹಾದಿಯಲ್ಲಿ ನಡೆದು ಈ ನೆಲವನ್ನು ಓದಿದ ರಾಬರ್ಟ್ ಬ್ರೂಸ್ ಫೂಟ್ ಅವರ ಸ್ಮರಣೆಗೆ ಅದಕ್ಕಿಂತ ಯೋಗ್ಯವಾದ ಗೌರವ ಬೇರೊಂದಿರಲಾರದು.